ಪ್ರತಿಕ್ರಿಯೆ: ಮುದ್ರಿಸಿದ ಫ್ಲ್ಯಾಟ್ ನಕ್ಷೆಯಲ್ಲಿ ಅಕ್ಷರಗಳೇಕೆ ಕಾಣುವುದಿಲ್ಲ?

ನಮಸ್ಕಾರ. ಎರಡು ಮಲಗುವ ಕೋಣೆಗಳ ಫ್ಲ್ಯಾಟಿನ ನಕ್ಷೆಯನ್ನು ಆಟೋಕ್ಯಾಡಿನಲ್ಲಿ (ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶ) ಮಿಲಿಮೀಟರ್ ಲೆಕ್ಕದಲ್ಲಿ ಬರೆದು 1:100 ಪ್ರಮಾಣದಲ್ಲಿ ಎ3 ಹಾಳೆಗೆ ಮುದ್ರಿಸಿದಾಗ ಕೋಣೆಗಳ ಹೆಸರುಗಳು ಓದಲಾಗದಷ್ಟು ಚಿಕ್ಕದಾಗುತ್ತವೆ ಎಂದು ತಿಳಿಸಿ, ಗೋಡೆಗಳನ್ನು ಎಳೆಯುವ ಕ್ರಮವನ್ನೂ ಕೇಳಿದ್ದೀರಿ.

ಮಾಡೆಲ್ ಸ್ಪೇಸ್‌ನಲ್ಲಿ (ತಂತ್ರಾಂಶದಲ್ಲಿ ನಕ್ಷೆ ಬರೆಯುವ ಜಾಗ) ಎಲ್ಲವನ್ನೂ ನಿಜವಾದ ಅಳತೆಯಲ್ಲಿಯೇ ಬರೆಯುವುದರಿಂದ, ಕಾಗದದ ಮೇಲೆ 2.5 ಮಿ.ಮೀ. ಎತ್ತರ ಇರಬೇಕಾದ ಅಕ್ಷರಕ್ಕೆ ಅಲ್ಲಿ 250 ಮಿ.ಮೀ. ಎತ್ತರ ಕೊಡಬೇಕು, 2.5 ಎಂದೇ ಕೊಟ್ಟರೆ ಮುದ್ರಣದಲ್ಲಿ ಅದು ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಇದಕ್ಕಿಂತ ಉತ್ತಮವಾದದ್ದು ಅನೊಟೇಟಿವ್ ಟೆಕ್ಸ್ಟ್ ಸ್ಟೈಲ್ (ಪ್ರಮಾಣಕ್ಕೆ ತಕ್ಕಂತೆ ತಾನೇ ಗಾತ್ರ ಹೊಂದಿಸಿಕೊಳ್ಳುವ ಅಕ್ಷರ ಶೈಲಿ), ಏಕೆಂದರೆ ಆಗ ಕಾಗದದ ಮೇಲಿನ ಎತ್ತರವನ್ನಷ್ಟೇ ಹೇಳಿದರೆ ಸಾಕು. ಅಲ್ಲದೆ, 1:50 ಪ್ರಮಾಣದಲ್ಲಿ ಎ3 ಹಾಳೆಯು 21 ಮೀಟರ್ ಉದ್ದ, 14.85 ಮೀಟರ್ ಅಗಲವನ್ನು ಒಳಗೊಳ್ಳುವುದರಿಂದ, ಒಂದೇ ಫ್ಲ್ಯಾಟಿಗೆ 1:100ರ ಅಗತ್ಯವೇ ಇಲ್ಲವೆಂದು ನನ್ನ ಅಭಿಪ್ರಾಯ.

ಗೋಡೆಗಳಿಗೆ ಮೊದಲು ಹೊರ ಅಂಚನ್ನು ಮುಚ್ಚಿದ ಪಾಲಿಲೈನ್ (ಒಂದೇ ವಸ್ತುವಾಗಿ ಕೂಡಿದ ಗೆರೆಗಳು) ಆಗಿ ಎಳೆದು, ಆಫ್‌ಸೆಟ್ ಆಜ್ಞೆಯಿಂದ ಒಳಕ್ಕೆ 200 ಮಿ.ಮೀ. ದೂರದಲ್ಲಿ ಅದರ ಸಮಾನಾಂತರ ಪ್ರತಿಯನ್ನು ಮಾಡಿರಿ, ಒಳಗೋಡೆಗಳಿಗೆ 100 ಮಿ.ಮೀ. ಸಾಕು. ಇವು ಕಾಂಕ್ರೀಟ್ ಬ್ಲಾಕಿನ ಅಳತೆಗಳು. ಇಟ್ಟಿಗೆಯಾದರೆ 230 ಮತ್ತು 115 ಎಂದು ಹಿಡಿಯಿರಿ. ಗೋಡೆಗಳು ಕೂಡುವಲ್ಲಿ ಮತ್ತು ಬಾಗಿಲುಗಳ ಜಾಗದಲ್ಲಿ ಹೆಚ್ಚುವರಿ ಗೆರೆಗಳನ್ನು ಟ್ರಿಮ್ ಮಾಡಿದ (ಕತ್ತರಿಸಿದ) ನಂತರವೇ ಬಾಗಿಲು, ಕಿಟಕಿಗಳನ್ನು ಬ್ಲಾಕ್‌ಗಳಾಗಿ, (ಮತ್ತೆ ಮತ್ತೆ ಬಳಸಬಹುದಾದ ಸಿದ್ಧ ಚಿತ್ರಗಳಾಗಿ) ಪ್ರತ್ಯೇಕ ಲೇಯರಿನಲ್ಲಿ (ನಕ್ಷೆಯ ಪದರದಲ್ಲಿ) ಸೇರಿಸಿರಿ. ಅಳತೆಗಳನ್ನು ಬರೆಯುವಾಗ ಗಾರೆಯನ್ನು ದಯವಿಟ್ಟು ಮರೆಯಬೇಡಿ: ಗೋಡೆಯಿಂದ ಗೋಡೆಗೆ 3000 ಮಿ.ಮೀ. ಇರುವ ಕೋಣೆಯು ಎರಡೂ ಬದಿಗೆ 12 ಮಿ.ಮೀ. ಗಾರೆಯಾದ ಮೇಲೆ 2976 ಮಿ.ಮೀ. ಮಾತ್ರ ಉಳಿಯುತ್ತದೆ, ಮತ್ತು ಗೋಡೆಗೆ ಹೊಂದಿಸಿ ಕಪಾಟು ಮಾಡುವ ಬಡಗಿಗೆ ಬೇಕಾಗುವುದು ಆ ಅಳತೆಯೇ.