ಬಂದೂಕಲ್ಲ, ಬಾಂಬಲ್ಲ, ವಾಲ್ವ್ ರಫ್ತಿಗೆ ಸರ್ಕಾರದ ಅಪ್ಪಣೆ ಏಕೆ?

ಪೀಣ್ಯದ ನಿಮ್ಮ ಘಟಕದಿಂದ ದುಬೈನ ವ್ಯಾಪಾರಿಗೆ ಹ್ಯಾಸ್ಟೆಲಾಯ್ ಸಿ-276 ಎಂಬ ನಿಕಲ್ ಮಿಶ್ರಲೋಹದ ಬಾಲ್ ವಾಲ್ವ್‌ಗಳನ್ನು ಕಳುಹಿಸಬೇಕಾಗಿದೆ, ಕಸ್ಟಮ್ಸ್ ಏಜೆಂಟ್ ‘ಸ್ಕೋಮೆಟ್ ಪರವಾನಗಿ ಎಲ್ಲಿ’ ಎಂದು ಕೇಳುತ್ತಿದ್ದಾರೆ, ಇದು ಅವರ ಕಿರುಕುಳವೇ ಎಂದು ಕೇಳಿದ್ದೀರಿ. ಅಲ್ಲ. ರಫ್ತು ಕಾಗದಪತ್ರಗಳ ಕೆಲಸವನ್ನೇ ಮಾಡುವ ನಾನು ನಿಮ್ಮ ಏಜೆಂಟರ ಪರ.

ಸ್ಕೋಮೆಟ್ ಎಂಬುದು ಮುಖ್ಯವಾಗಿ ನಾಗರಿಕ ಕೆಲಸಕ್ಕೂ ಆಯುಧ ತಯಾರಿಕೆಗೂ ಒದಗಬಲ್ಲ ಸರಕು, ತಂತ್ರಜ್ಞಾನಗಳ ಪಟ್ಟಿ; ಅದರಲ್ಲಿರುವುದನ್ನು ರಫ್ತು ಮಾಡಲು ಪರವಾನಗಿ ಬೇಕು. ಪ್ರಕಟಿಸುವುದು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ. ವಾಲ್ವಿನ ವಿಷಯದಲ್ಲಿ ಅದು ಮುಖ್ಯವಾಗಿ ನೋಡುವುದು ಲೋಹವನ್ನು. ನರಾನಿಲದಂಥ (ನರಮಂಡಲವನ್ನೇ ಕೆಡಿಸುವ ಅಸ್ತ್ರ) ವಿಷ ತಯಾರಿಸುವಾಗ ಬಳಕೆಯಾಗುವ ಆಮ್ಲಗಳು ಸಾಮಾನ್ಯ ಉಕ್ಕನ್ನು ತಿಂದುಹಾಕುತ್ತವೆ. ತಾಳಿಕೊಳ್ಳುವುದು ನಿಕಲ್ ಹೇರಳವಾಗಿರುವ ಮಿಶ್ರಲೋಹ, ಟ್ಯಾಂಟಲಮ್, ಗಾಜಿನ ಒಳಪದರ ಇಂಥವು. ಆದ್ದರಿಂದ ರಾಸಾಯನಿಕ ತಾಗುವ ಮೇಲ್ಮೈಗಳು ಶೇ 40ಕ್ಕಿಂತ ಹೆಚ್ಚು ನಿಕಲ್ ಇರುವ ಲೋಹದವಾಗಿದ್ದು, ವಾಲ್ವಿನ ಅಳತೆ 10 ಮಿ.ಮೀ. ದಾಟಿದರೆ ಅದು ನಿಯಂತ್ರಿತ ಸರಕು. ಸಿ-276ರಲ್ಲಿ ಅರ್ಧಕ್ಕಿಂತ ಹೆಚ್ಚು ನಿಕಲೇ ಇದೆ. ಅದೇ ನಕ್ಷೆಯ ವಾಲ್ವನ್ನು 316 ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿದರೆ ಈ ಕಲಮು ತಾಗುವುದಿಲ್ಲ. ಅದರಲ್ಲಿ ನಿಕಲ್ ಶೇ 10ರಿಂದ 14 ಮಾತ್ರ.

ಈ ಮಾನದಂಡಗಳು ಆಸ್ಟ್ರೇಲಿಯಾ ಗ್ರೂಪಿನವು, ಅಂದರೆ ಇಂಥ ಸರಕುಗಳ ರಫ್ತಿನ ಮೇಲೆ ಒಟ್ಟಾಗಿ ಕಣ್ಣಿಡುವ ದೇಶಗಳ ಕೂಟದವು. ಇರಾನ್ ಜೊತೆಗಿನ ಯುದ್ಧದಲ್ಲಿ ಇರಾಕ್ ರಾಸಾಯನಿಕ ಅಸ್ತ್ರ ಬಳಸಿದ್ದು, ಅದಕ್ಕೆ ಬೇಕಾದ ಸಾಮಗ್ರಿ ಮಾಮೂಲಿ ವ್ಯಾಪಾರದ ದಾರಿಯಲ್ಲೇ ಅಲ್ಲಿಗೆ ಹೋಗಿದ್ದು ಬೆಳಕಿಗೆ ಬಂದ ಮೇಲೆ 1985ರಲ್ಲಿ ಈ ಗುಂಪು ಹುಟ್ಟಿಕೊಂಡಿತು. ಭಾರತ 2018ರಲ್ಲಿ ಸದಸ್ಯನಾಯಿತು. (ಪಟ್ಟಿಗಳ ಬಿಸಿ ಬೆಂಗಳೂರಿಗೆ ಹೊಸದಲ್ಲ: 1998ರ ಅಣುಪರೀಕ್ಷೆಯ ನಂತರ ಅಮೆರಿಕದ ನಿರ್ಬಂಧ ಪಟ್ಟಿಗೆ ಸೇರಿದ್ದ ಇಸ್ರೊ ಹೊರಬಂದದ್ದು 2011ರಲ್ಲಿ. ಆಗ ನಾವು ಕೊಳ್ಳುವವರು, ಈಗ ಮಾರುವವರು.)

ನೀವು ಕೇಳದಿದ್ದರೂ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ನಿಮ್ಮ ಗಿರಾಕಿ. ಆತ ವ್ಯಾಪಾರಿ, ವಾಲ್ವ್ ಕೊನೆಗೆ ಯಾವ ಕಾರ್ಖಾನೆಯ ಪೈಪಿಗೆ ಕೂರುತ್ತದೆ? ಅರ್ಜಿಯ ಜೊತೆ ಅಂತಿಮ ಬಳಕೆದಾರನ ಪ್ರಮಾಣಪತ್ರ ಬೇಕು. ಹಲವು ಸಚಿವಾಲಯಗಳ ಪ್ರತಿನಿಧಿಗಳಿರುವ ಸಮಿತಿ ಅರ್ಜಿಯನ್ನು ಪರಿಶೀಲಿಸುವಾಗ ಮೊದಲು ತಡಕುವುದೇ ಅದನ್ನು. ಹೆಸರು ಹೇಳಲು ಆತ ಹಿಂಜರಿದರೆ ಆ ಆರ್ಡರನ್ನು ನಾನಾದರೆ ಬಿಟ್ಟುಬಿಡುತ್ತೇನೆ. ‘ಸ್ಟೀಲಿನದನ್ನೇ ಕೊಡಿ’ ಎಂದು ಆತ ದಾರಿ ಬದಲಿಸಿದರೂ ನೀವು ಪಾರಾಗುವುದಿಲ್ಲ. ಸಾಮೂಹಿಕ ವಿನಾಶದ ಅಸ್ತ್ರಕ್ಕೆ ಬಳಕೆಯಾಗುತ್ತದೆಂದು ಗೊತ್ತಿದ್ದೂ ಕಳುಹಿಸಿದರೆ, ಪಟ್ಟಿಯಲ್ಲಿಲ್ಲದ ಸರಕಿಗೂ ಅಂಥ ಅಸ್ತ್ರಗಳನ್ನು ತಡೆಯಲೆಂದೇ ಇರುವ 2005ರ ಕಾಯ್ದೆ ಅನ್ವಯಿಸುತ್ತದೆ.

ತಯಾರಿಕೆಯ ನಕ್ಷೆಗಳನ್ನು ಸದ್ಯಕ್ಕೆ ಇಮೇಲಿನಲ್ಲಿ ಕಳುಹಿಸಬೇಡಿ. ತಂತ್ರಜ್ಞಾನವನ್ನು ವಿದೇಶಕ್ಕೆ ದಾಟಿಸುವುದಕ್ಕೂ ಪರವಾನಗಿ ಬೇಕಾಗಬಹುದು. ಅರ್ಜಿ ಸಲ್ಲಿಕೆ ಮಹಾನಿರ್ದೇಶನಾಲಯದ ಜಾಲತಾಣದಲ್ಲೇ ಆಗುತ್ತದೆ. ಸಮಿತಿ ಮರುಪ್ರಶ್ನೆ ಕೇಳಿದರೆ ವಾರಗಳು ಉರುಳುತ್ತವೆ. ಹಾಗಾಗಿ ಸರಬರಾಜಿನ ಗಡುವನ್ನು ಪರವಾನಗಿ ಕೈಸೇರಿದ ದಿನದಿಂದ ಎಣಿಸುವಂತೆ ಒಪ್ಪಂದದಲ್ಲಿ ಈಗಲೇ ಬರೆಸಿಕೊಳ್ಳಿ.