600 ಡಾಲರಿನಲ್ಲಿ ಮೊದಲ ಜಿಂಕೆ ಬೇಟೆಯ ರೈಫಲ್: ಯಾವುದನ್ನು ಕೊಳ್ಳಲಿ?

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮೊದಲ ಜಿಂಕೆ ಬೇಟೆ, ಕೈಯಲ್ಲಿ 600 ಡಾಲರ್, ಮುಂದೆ ಎಂದಾದರೂ ಕೊಲರಾಡೊಗೆ ಹೋದರೆ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಗೂ ಒದಗುವಂತಹ ಒಂದೇ ರೈಫಲ್ ಬೇಕು ಎಂದು ನೀವು ಕೇಳಿದ್ದೀರಿ. 2014ರ ಅಕ್ಟೋಬರಿನಲ್ಲಿ ನಾನು ಮ್ಯಾಡಿಸನ್ ಸಮೀಪದ ಒಂದು ಅಂಗಡಿಯಲ್ಲಿ ನಿಂತು, ಹೆಚ್ಚುಕಡಿಮೆ ಇಷ್ಟೇ ಹಣ ಇಟ್ಟುಕೊಂಡು ಇದೇ ಮಾತು ಹೇಳಿದ್ದೆ. ಅದರಿಂದಾಗಿ ಒಂದು ಜಿಂಕೆ ಸಾಯಬಾರದ ರೀತಿಯಲ್ಲಿ ಸತ್ತಿತು. ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು ನಡೆದದ್ದನ್ನು ಹೇಳುತ್ತೇನೆ.

ನಾನು ವಿರಾಜಪೇಟೆ ಕಡೆಯವನು. ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆ ಕೋವಿ ಇತ್ತು. ಕೊಡಗಿನ ಕೈಲ್ ಮುಹೂರ್ತ ಹಬ್ಬದಂದು ಅದಕ್ಕೆ ಹೂವಿಟ್ಟು ಪೂಜಿಸಿದ ಮೇಲೆ ತೆಂಗಿನಕಾಯಿಗೆ ಈಡು ಹೊಡೆಯುವ ಸ್ಪರ್ಧೆ ನಡೆಯುತ್ತಿತ್ತು, ಅದರಲ್ಲಿ ನನಗೆ ಎರಡು ಸಲ ಬಹುಮಾನವೂ ಬಂದಿತ್ತು. ಆದರೆ ಊರಿನಲ್ಲಿ ನಾನು ಬೇಟೆಯಾಡಿದವನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹುಟ್ಟಿದ ನನಗೆ ಮರಸು ಕೂರುವುದೆಂದರೆ (ಬೇಟೆಗಾಗಿ ಅಡಗಿ ಕಾಯುವುದು) ಹಿರಿಯರ ಬಾಯಿಂದ ಕೇಳಿದ ಸಂಗತಿ ಮಾತ್ರ. ಕೋವಿ ಹಿಡಿದು ಬೆಳೆದವನು ಎಂಬ ಧೈರ್ಯದಲ್ಲಿ, ರೈಫಲ್ ಕೂಡ ಅದರ ಇನ್ನೊಂದು ರೂಪವೆಂದು ನಾನು ಭಾವಿಸಿದ್ದೆ.

ಎಲ್ಕ್ ಎಂಬ ಶಬ್ದ ಕೇಳಿದ ಕೂಡಲೇ ಅಂಗಡಿಯವರು ರಿಯಾಯಿತಿಯಲ್ಲಿದ್ದ .300 ವಿಂಚೆಸ್ಟರ್ ಮ್ಯಾಗ್ನಮ್ ಎಂಬ ಬಲವಾದ ತೋಟಾ ಹಾರಿಸುವ ರೈಫಲ್ ತೆಗೆದು ಕೊಟ್ಟರು. ರೈಫಲ್, ಸ್ಕೋಪ್ (ಗುರಿ ನೋಡುವ ದುರ್ಬೀನು), ಅದನ್ನು ಕೂರಿಸುವ ರಿಂಗ್‌ಗಳು ಎಲ್ಲ ಸೇರಿ ನನ್ನ ಹಣ ಮುಗಿದೇ ಹೋಯಿತು. ಇಪ್ಪತ್ತು ತೋಟಾಗಳ ಒಂದು ಪೆಟ್ಟಿಗೆಗೆ 40 ಡಾಲರಿಗಿಂತ ಹೆಚ್ಚಾಗುತ್ತಿದ್ದುದರಿಂದ ಒಂದನ್ನೇ ಕೊಂಡೆ. ಬೋರ್‌ಸೈಟ್ ಮಾಡಿಕೊಟ್ಟಿದ್ದೇವೆ, ಇನ್ನು ಚಿಂತೆಯಿಲ್ಲ ಎಂದು ಅವರು ಹೇಳಿದ್ದನ್ನು ನಂಬಿದೆ.

ನನಗೆ ದುಬಾರಿಯಾದ ತಪ್ಪು ಇದರ ಮುಂದಿನದು. ಅದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ಬೇಸರಪಡದೆ ಓದಿ.

ಬೋರ್‌ಸೈಟ್ ಎಂದರೆ ನಳಿಗೆಯ ನೇರವನ್ನೂ ಸ್ಕೋಪಿನ ನೇರವನ್ನೂ ಅಂದಾಜಿಗೆ ಒಂದೆಡೆಗೆ ತರುವುದು, ಅಷ್ಟೇ. ಗುಂಡು ನಿಜವಾಗಿ ಎಲ್ಲಿಗೆ ಹೋಗುತ್ತದೆ ಎಂಬುದು ಹಾರಿಸಿ ನೋಡದ ಹೊರತು ತಿಳಿಯುವುದಿಲ್ಲ. ನಾನು ಶೂಟಿಂಗ್ ರೇಂಜಿಗೆ ಹೋಗಿ 25 ಗಜ ದೂರದ ಕಾಗದಕ್ಕೆ ಮೂರು ಗುಂಡು ಹಾರಿಸಿದೆ. ಮೂರೂ ಒಂದರ ಪಕ್ಕ ಒಂದು ಬಿದ್ದಿದ್ದವು, ಆದರೆ ಗುರಿಯಿಂದ ಎರಡು ಅಂಗುಲ ಬಲಕ್ಕೆ. ಎರಡು ಅಂಗುಲ ತಾನೇ ಎಂದುಕೊಂಡೆ. ತೆಂಗಿನಕಾಯಿಯ ಲೆಕ್ಕದಲ್ಲಿ ಅದು ದೊಡ್ಡದಾಗಿ ಕಾಣಲಿಲ್ಲ. ಭುಜ ಆಗಲೇ ನೋಯುತ್ತಿತ್ತು, ಪ್ರತಿ ಗುಂಡಿಗೆ ಎರಡು ಡಾಲರ್ ಹೋಗುತ್ತಿತ್ತು, ಹೊರಗೆ ಚಳಿ. ಉಳಿದ ಹದಿನೇಳನ್ನು ಬೇಟೆಗೆ ಉಳಿಸಿಕೊಳ್ಳೋಣವೆಂದು ಕೋವಿಯನ್ನು ಚೀಲಕ್ಕೆ ಹಾಕಿದೆ. ಸ್ಕೋಪ್ ಪಕ್ಕಕ್ಕೆ ತಿರುಗಿದ್ದರೆ ಆ ಓರೆ ದೂರದೊಂದಿಗೆ ಬೆಳೆಯುತ್ತಾ ಹೋಗುತ್ತದೆ: 25 ಗಜದಲ್ಲಿ ಎರಡು ಅಂಗುಲ ಇದ್ದದ್ದು 50ರಲ್ಲಿ ನಾಲ್ಕು, 100ರಲ್ಲಿ ಎಂಟು. ಬಿಳಿಬಾಲದ ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗ ಸುಮಾರು ಎಂಟು ಅಂಗುಲ ಅಗಲದ ಒಂದು ತಟ್ಟೆಯಷ್ಟು. ನಡುವಿಗೆ ಗುರಿಯಿಟ್ಟರೆ ಯಾವ ಪಕ್ಕಕ್ಕಾದರೂ ನಾಲ್ಕು ಅಂಗುಲವಷ್ಟೇ ಅವಕಾಶ. ನನ್ನ ಸ್ಕೋಪಿನಲ್ಲಿ ಗುರಿ ಹೊಂದಿಸುವ ತಿರುಪನ್ನು ಒಂದು ಕ್ಲಿಕ್ ತಿರುಗಿಸಿದರೆ 100 ಗಜದಲ್ಲಿ ಕಾಲು ಅಂಗುಲ ಸರಿಯುತ್ತದೆ. ನಾನು ಅಂದು ಮೂವತ್ತೆರಡು ಕ್ಲಿಕ್ ಎಡಕ್ಕೆ ತಿರುಗಿಸಿ, 100 ಗಜಕ್ಕೆ ಹೋಗಿ, ಇನ್ನು ಆರು ಗುಂಡು ಹಾರಿಸಿ ನೋಡಿದ್ದರೆ ಸಾಕಿತ್ತು. ಹನ್ನೆರಡು ಡಾಲರಿನ ತೋಟಾ ಮತ್ತು ಅರ್ಧ ಗಂಟೆ. ಅದನ್ನು ನಾನು ಮಾಡಲಿಲ್ಲ.

ನವೆಂಬರ್ 22ರ ಶನಿವಾರ ಋತು ಆರಂಭವಾಯಿತು. ವಿಸ್ಕಾನ್ಸಿನ್‌ನಲ್ಲಿ ಕೋವಿಯಿಂದ ಜಿಂಕೆ ಬೇಟೆಯಾಡುವ ಮುಖ್ಯ ಋತು ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಹಿಂದಿನ ಶನಿವಾರದಿಂದ ಒಂಬತ್ತೇ ದಿನ. ರಿಚ್‌ಲ್ಯಾಂಡ್ ಕೌಂಟಿಯ ಗುಡ್ಡಗಳ ನಡುವೆ ಸಹೋದ್ಯೋಗಿಯೊಬ್ಬರ ತಂದೆಯ ಜಮೀನಿತ್ತು. ಆ ಹಿರಿಯರು ನನ್ನನ್ನು ಒಂದು ಅಟ್ಟಣೆಯ ಮೇಲೆ ಕೂರಿಸಿ ಹೋದರು. ಎಂಟು ಗಂಟೆಯ ಹೊತ್ತಿಗೆ ಸುಮಾರು 80 ಗಜ ದೂರದಲ್ಲಿ ಒಂದು ಹೆಣ್ಣುಜಿಂಕೆ ಎಡಕ್ಕೆ ಮುಖ ಮಾಡಿ ನಿಂತಿತು. ಮುಂಗಾಲಿನ ಹಿಂಭಾಗಕ್ಕೆ ಗುರಿಯಿಟ್ಟು ಹೊಡೆದೆ. 80 ಗಜಕ್ಕೆ ಬಲಗಡೆಯ ಓರೆ ಆರೂವರೆ ಅಂಗುಲದ ಹತ್ತಿರ, ಎಡಕ್ಕೆ ಮುಖ ಮಾಡಿದ ಪ್ರಾಣಿಗೆ ಬಲವೆಂದರೆ ಹೊಟ್ಟೆ. ಅದು ಬೆನ್ನು ಬಗ್ಗಿಸಿ, ನಿಧಾನವಾಗಿ ನಡೆದು ಮರೆಯಾಯಿತು. ನಾನು ಕೂಡಲೇ ಇಳಿದು ಬೆನ್ನಟ್ಟಿದೆ. ಹಿಮದ ಮೇಲೆ ಕಪ್ಪಗಿನ ರಕ್ತ, ಅದರೊಂದಿಗೆ ಹಸಿರು ಮಿಶ್ರಿತ ಕಲೆ. ಹಿರಿಯರು ಬಂದು ನೋಡಿ, ಹೊಟ್ಟೆಗೆ ಬಿದ್ದ ಗುಂಡು, ಹಲವು ಗಂಟೆ ಅದನ್ನು ಅದರ ಪಾಡಿಗೆ ಮಲಗಲು ಬಿಡಬೇಕಿತ್ತು ಎಂದರು. ನನ್ನಿಂದ ಬೆದರಿದ ಜಿಂಕೆ ಪಕ್ಕದವರ ಬೇಲಿ ದಾಟಿ ಹೋಗಿತ್ತು. ಇಲ್ಲಿ ಗಾಯಗೊಂಡ ಪ್ರಾಣಿಯನ್ನು ತರಲು ಕೂಡ ಮಾಲೀಕರ ಒಪ್ಪಿಗೆಯಿಲ್ಲದೆ ಅವರ ಜಮೀನಿಗೆ ಕಾಲಿಡುವಂತಿಲ್ಲ. ಮಾಲೀಕರು ಊರಿನಲ್ಲಿರಲಿಲ್ಲ. ಮರುದಿನ ಬೆಳಿಗ್ಗೆ ಒಪ್ಪಿಗೆ ಸಿಕ್ಕಿ ಹೋಗಿ ನೋಡಿದಾಗ ಕಾಯೋಟಿಗಳು (ಚಿಕ್ಕ ತೋಳದಂಥ ಪ್ರಾಣಿಗಳು) ತಿಂದು ಬಿಟ್ಟ ಅವಶೇಷ ಮಾತ್ರ ಇತ್ತು. ಆ ವರ್ಷ ಮತ್ತೆ ಅಟ್ಟಣೆ ಹತ್ತಲು ನನಗೆ ಮನಸ್ಸಾಗಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಜಿಂಕೆಗೂ ಎಲ್ಕ್‌ಗೂ ಒಂದೇ ರೈಫಲ್ ಎಂಬ ಯೋಚನೆಯನ್ನೇ ಬಿಟ್ಟುಬಿಡಿ. ಎಂದೋ ಆಗಬಹುದಾದ ಬೇಟೆಗಾಗಿ ಈ ನವೆಂಬರಿನ ಬೇಟೆಯನ್ನು ಕೆಡಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ತಪ್ಪು. .300 ಮ್ಯಾಗ್ನಮ್‌ನ ಒದೆತ (ಗುಂಡು ಹಾರಿದಾಗ ಭುಜಕ್ಕೆ ಬೀಳುವ ಹೊಡೆತ) ಸುಮಾರು 26 ಅಡಿ-ಪೌಂಡ್, ಅದಕ್ಕಿಂತ ಚಿಕ್ಕ ತೋಟಾಗಳಾದ .308ರದ್ದು ಸುಮಾರು 16, .243ರದ್ದು ಸುಮಾರು 9. ಹೊಸಬನಿಗೆ ಈ ಅಂತರವೇ ಮುಖ್ಯ. ಒದೆತಕ್ಕೆ ಹೆದರಿದ ದೇಹ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿ ಭುಜವನ್ನು ಬಿಗಿಯುತ್ತದೆ, ಒಮ್ಮೆ ಅಂಟಿದ ಆ ಅಭ್ಯಾಸ ಬಿಡಲು ನನಗೆ ಒಂದು ಬೇಸಿಗೆ ಪೂರ್ತಿ ಬೇಕಾಯಿತು. 1955ರಿಂದ ಬಳಕೆಯಲ್ಲಿರುವ .243 ವಿಂಚೆಸ್ಟರ್ 100 ಗ್ರೇನ್ ತೂಕದ ಗುಂಡಿನೊಂದಿಗೆ ವಿಸ್ಕಾನ್ಸಿನ್‌ನ ಜಿಂಕೆಗೆ ಸಾಕು. ನಾನು ಮ್ಯಾಗ್ನಮ್ ಮಾರಿ ಕೊಂಡದ್ದು ಅದನ್ನೇ, 2015ರಲ್ಲಿ ಅದರಿಂದ 60 ಗಜದಲ್ಲಿ ಹೊಡೆದ ಜಿಂಕೆ ನನ್ನ ಕಣ್ಣೆದುರೇ ಬಿತ್ತು. ನೀವು ಗಟ್ಟಿ ಮೈಯವರಾಗಿದ್ದು ತೋಟಾ ಎಲ್ಲೆಡೆ ಸಿಗಬೇಕೆಂದರೆ .308 ಕೊಳ್ಳಿ. 6.5 ಕ್ರೀಡ್‌ಮೂರ್ ಎಂಬ ತೋಟಾ ಕೂಡ ಒಳ್ಳೆಯದೇ, ಅದರ ಬಗ್ಗೆ ವಾದಿಸುವುದಿಲ್ಲ.

ರೂಗರ್ ಅಮೆರಿಕನ್ ಅಥವಾ ಸ್ಯಾವೇಜ್ ಆಕ್ಸಿಸ್, ಇವೆರಡರಲ್ಲಿ ನಿಮ್ಮ ಭುಜಕ್ಕೆ ಹೊಂದುವುದನ್ನು ಸ್ಕೋಪ್ ಸಹಿತ ತೆಗೆದುಕೊಳ್ಳಿ. ಬೇರೆಯವರು ಬಳಸಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಒಟ್ಟು 450 ಡಾಲರ್ ದಾಟಬೇಡಿ. ಉಳಿದ 150 ತೋಟಾಗಳಿಗೆ ಮತ್ತು ರೇಂಜಿನ ಶುಲ್ಕಕ್ಕೆ ಮೀಸಲು, ಅದನ್ನು ಮುಟ್ಟಬೇಡಿ. ಸ್ಕೋಪ್ ಕೂರಿಸಿಯೇ ಕೊಟ್ಟಿದ್ದರೂ ರಿಂಗಿನ ತಿರುಪುಗಳನ್ನು ನೀವೇ ಪರೀಕ್ಷಿಸಿ, ಸಡಿಲವಾಗಿದ್ದರೆ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ. 25 ಗಜದಲ್ಲಿ ಆರಂಭಿಸಿ 100ರಲ್ಲಿ ಮುಗಿಸಿ. ಆಮೇಲೆ ಮೇಜು ಬಿಟ್ಟು ನೆಲದ ಮೇಲೆ ಕುಳಿತು ಎಂಟು ಅಂಗುಲದ ಕಾಗದದ ತಟ್ಟೆಗೆ ಹೊಡೆಯಿರಿ. ಐದಕ್ಕೆ ಐದೂ ತಟ್ಟೆಯೊಳಗೆ ಬೀಳುವ ದೂರ ಎಷ್ಟೋ ಅದಕ್ಕಿಂತ ದೂರದಲ್ಲಿ ನಿಂತ ಜಿಂಕೆಯನ್ನು ಈ ವರ್ಷ ಬಿಟ್ಟುಬಿಡಿ.

ನೀವು ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದರೆ ಒಂದು ಮಾತು. ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕು ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವವರಿಗೆ ವಿನಾಯಿತಿ ಇದೆ. 1973ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಇಲ್ಲಿ ಪರವಾನಗಿ ಪಡೆಯಲು ಬೇಟೆ ಸುರಕ್ಷತಾ ತರಬೇತಿ ಮುಗಿಸಿರಬೇಕು, ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಅದನ್ನು ಮುಗಿಸಿ.

ಋತು ಆರಂಭವಾಗುವ ಮೊದಲೇ, ನೀವು ಬೇಟೆಯಾಡಲಿರುವ ಜಮೀನಿನ ನಾಲ್ಕೂ ಪಕ್ಕದ ಮಾಲೀಕರನ್ನು ಭೇಟಿಯಾಗಿ, ಗಾಯಗೊಂಡ ಜಿಂಕೆ ಬೇಲಿ ದಾಟಿದರೆ ಒಳಗೆ ಬರಬಹುದೇ ಎಂದು ಕೇಳಿ, ಅವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ.