ಹಾಸ್ಟೆಲ್ ಕೋಣೆಯ ಕ್ರಿಸ್ಮಸ್‌ಗೆ ಒಂದು ಹಿಡಿ ಕಿಡ್ಯೊ

ಮಂಗಳೂರಿನ ತಾಯಿಯೊಬ್ಬರ ಪತ್ರ: "ಮಗ ಜರ್ಮನಿಯಲ್ಲಿ ಓದುತ್ತಿದ್ದಾನೆ. ಈ ಸಲ ಹಬ್ಬಕ್ಕೆ ಬರುವುದಿಲ್ಲ. ಹಾಸ್ಟೆಲ್‌ನಲ್ಲಿ ಅವನೊಬ್ಬನೇ. ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಕಳಿಸಲೇ? ದಿನವಿಡೀ ವಿಡಿಯೋ ಕಾಲ್‌ನಲ್ಲಿ ಇರಲೇ?"

ಸಂಪಾದಕರ ಉತ್ತರ:

ಅಮ್ಮಾ, ಪಾರ್ಸೆಲ್‌ನಲ್ಲಿ ತುಪ್ಪ, ಖೋವಾ, ಮಾಂಸದ ಉಪ್ಪಿನಕಾಯಿ ಇಡಬೇಡಿ. ಹಾಲಿನ, ಮಾಂಸದ ಪದಾರ್ಥಗಳನ್ನು ಅಲ್ಲಿನ ಕಸ್ಟಮ್ಸ್‌ನವರು ಬಿಡುವುದಿಲ್ಲ. ಅದಕ್ಕಿಂತ ಕಿಡ್ಯೊ, ಅಂದರೆ ಕುಸ್ವಾರ್‌ನ ಕರಿದ ಸಿಹಿ ಸುರುಳಿ, ಮಾಡುವುದನ್ನು ಅವನಿಗೇ ಹೇಳಿಕೊಡಿ. ಒಬ್ಬನೇ ಕೂತು ಮಾಡಲು ಅದರಷ್ಟು ಒಳ್ಳೆಯ ಕೆಲಸ ಇನ್ನೊಂದಿಲ್ಲ, ಒಂದು ಸಂಜೆ ಪೂರ್ತಿ ಕೈಗೆ ಕೆಲಸ ಸಿಗುತ್ತದೆ.

ಮೈದಾ 250 ಗ್ರಾಂ (ಅಲ್ಲಿನ ಅಂಗಡಿಯಲ್ಲಿ 'ಟೈಪ್ 405' ಎಂದು ಬರೆದ ಹಿಟ್ಟು), ಪುಡಿ ಸಕ್ಕರೆ 50 ಗ್ರಾಂ, ಚಿಟಿಕೆ ಉಪ್ಪು. ಬಿಸಿ ಬೆಣ್ಣೆ ಒಂದು ದೊಡ್ಡ ಚಮಚ ಹಾಕಿ ಉಜ್ಜಿ, ಡಬ್ಬಿಯ ತೆಂಗಿನ ಹಾಲನ್ನು ಸ್ವಲ್ಪಸ್ವಲ್ಪವೇ ಸೇರಿಸಿ. 100 ಮಿ.ಲೀ. ಆಸುಪಾಸು ಸಾಕು. ಚಪಾತಿ ಹಿಟ್ಟಿಗಿಂತ ಗಟ್ಟಿಯಿರಲಿ, ಅರ್ಧ ಗಂಟೆ ಮುಚ್ಚಿಡಲಿ. ಕಡಲೆಕಾಳಿನಷ್ಟು ಉಂಡೆಯನ್ನು ಫೋರ್ಕ್‌ನ ಬೆನ್ನಿಗೆ ಒತ್ತಿ ಸುರುಳಿ ಸುತ್ತಿ, ಅಂಚನ್ನು ಬೆರಳಲ್ಲಿ ಅದುಮಬೇಕು. ಅದುಮದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಕರಿಯುವಾಗ ಉರಿ ಮಧ್ಯಮವಿರಲಿ. ಎಣ್ಣೆ ತೀರಾ ಕಾದರೆ ಸಕ್ಕರೆ ಬೇಗ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಕಾಯದಿದ್ದರೆ ಎಣ್ಣೆ ಕುಡಿಯುತ್ತದೆ. ಕಿಟಕಿ ತೆರೆದಿಡಲಿ, ಹೊಗೆಗೆ ಅಲಾರಂ ಕೂಗಬಹುದು. ಪಾತ್ರೆಗೆ ಸರಿಹೊಂದುವ ಮುಚ್ಚಳ ಪಕ್ಕದಲ್ಲೇ ಇರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಳ ಮುಚ್ಚಿ ಒಲೆ ಆರಿಸಬೇಕು, ನೀರು ಸುರಿಯಲೇಬಾರದು.

ಸಾಮಾನು 23ಕ್ಕೇ ತಂದಿಡಲಿ. 24ರ ಮಧ್ಯಾಹ್ನ ಅಂಗಡಿಗಳು ಮುಚ್ಚುತ್ತವೆ. 25, 26 ಎರಡೂ ರಜೆ. 27 ಭಾನುವಾರ ಬಿದ್ದರೆ ಅಂದೂ ಬಾಗಿಲು ತೆರೆಯುವುದಿಲ್ಲ. ಜ್ವರದ ಮಾತ್ರೆಯೂ ಮನೆಯಲ್ಲಿರಲಿ. ರಜೆಯಲ್ಲಿ ವೈದ್ಯರು ಬೇಕಾದರೆ 116117, ಜೀವಕ್ಕೆ ಅಪಾಯವಾದರೆ 112.

ಇನ್ನೊಂದು ಮಾತು ಅವನಿಗೆ ಮೊದಲೇ ಹೇಳಿ. ಅಲ್ಲಿ 24ರ ಸಂಜೆ ಎಂದರೆ ಮನೆಯವರದ್ದು. ಬೀದಿ ಬಿಕೋ ಎನ್ನುತ್ತದೆ, ಗೆಳೆಯರು ಫೋನ್ ಎತ್ತದಿರಬಹುದು. ಅದನ್ನು ಅವನು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಇಗರ್ಜಿಗೆ ಹೋಗುವುದಾದರೆ ಅರ್ಧ ಗಂಟೆ ಮೊದಲೇ ಹೋಗಲಿ, ಅಂದು ಜಾಗ ಸಿಗುವುದು ಕಷ್ಟ.

ದಿನವಿಡೀ ಕಾಲ್ ಬೇಡ. ಹಬ್ಬದ ಮಧ್ಯಾಹ್ನ ಇಪ್ಪತ್ತು ಜನ ಫೋನನ್ನು ಕೈಯಿಂದ ಕೈಗೆ ದಾಟಿಸುತ್ತಾ "ಊಟ ಆಯ್ತಾ?" ಎಂದು ಕೇಳಿದರೆ, ಫೋನಿಟ್ಟ ಮೇಲೆ ಕೋಣೆ ಇನ್ನಷ್ಟು ಖಾಲಿ ಅನ್ನಿಸುತ್ತದೆ. ನೀವು ಕುಸ್ವಾರ್ ಮಾಡುವ ದಿನ ಫೋನನ್ನು ಹಿಟ್ಟಿನ ಪಾತ್ರೆಗೆ ಒರಗಿಸಿಡಿ. ಅವನೂ ಅಲ್ಲಿ ಫೋರ್ಕ್ ಹಿಡಿದು ಕೂರಲಿ, ಮಾತಿಲ್ಲದಿದ್ದರೂ ಪರವಾಗಿಲ್ಲ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. 24ರ ನಡುರಾತ್ರಿ ಇಗರ್ಜಿಯಲ್ಲಿ ನಿಮ್ಮ ಬಲಿಪೂಜೆಯ ಹೊತ್ತಿಗೆ ಅಲ್ಲಿ ಸಂಜೆ ಏಳೂವರೆ. ಪೂಜೆ ಮುಗಿಸಿ ಬಂದು ಗೋದಲಿಯ ಮುಂದೆ ನಿಂತು ಒಂದು ಕಾಲ್ ಮಾಡಿ, ಹತ್ತೇ ನಿಮಿಷ, ಮನೆಯವರಷ್ಟೇ.